ಬೈಬಲ್ ಓದಲು ಶುರು ಮಾಡಿ ಯಾಜಕಕಾಂಡದಲ್ಲಿ ಸಿಕ್ಕಿಬಿದ್ದಿದ್ದೇನೆ, ದಾರಿ ತೋರಿಸಿ

ಓದಿನ ಹುಳ:
ನಾನು ಕ್ರೈಸ್ತನಲ್ಲ, ಮೊದಲೇ ಹೇಳಿಬಿಡುತ್ತೇನೆ. ರಾಮಾಯಣ, ಭಾರತ, ಒಂದಿಷ್ಟು ವಚನ ಓದಿದವನು. ಹೋದ ತಿಂಗಳು ಹಳೇ ಪುಸ್ತಕದ ಅಂಗಡಿಯಲ್ಲಿ ಕನ್ನಡ ಬೈಬಲ್ ಸಿಕ್ಕಿತು. ಎಷ್ಟು ದಿನದಿಂದ ಓದಬೇಕು ಅಂದುಕೊಂಡಿದ್ದೆ. ಮೊದಲ ಪುಟದಿಂದಲೇ ಹಿಡಿದೆ.

ಆದಿಕಾಂಡ ಓಡಿತು. ಯೋಸೇಫನ ಕಥೆಯನ್ನಂತೂ ಒಂದೇ ರಾತ್ರಿ ಮುಗಿಸಿದೆ. ವಿಮೋಚನಕಾಂಡದಲ್ಲಿ ಸಮುದ್ರ ದಾಟುವವರೆಗೂ ಪುಸ್ತಕ ಕೆಳಗಿಡಲಿಲ್ಲ. 25ನೇ ಅಧ್ಯಾಯದಿಂದ ದೇವರ ಆರಾಧನೆಯ ಗುಡಾರದ ಅಳತೆ ಶುರುವಾಯಿತು ನೋಡಿ. ಎಷ್ಟು ಮೊಳ, ಎಷ್ಟು ಕೊಂಡಿ, ಯಾವ ಬಣ್ಣದ ನೂಲು. ಅದನ್ನೂ ಹಲ್ಲುಕಚ್ಚಿ ದಾಟಿದೆ. ಈಗ ಯಾಜಕಕಾಂಡ 13. ಚರ್ಮದ ಮೇಲಿನ ಮಚ್ಚೆ, ಬಟ್ಟೆಗೆ ಹತ್ತಿದ ಬೂಷ್ಟು. ಹತ್ತು ದಿನದಿಂದ ಪುಟ ಮುಂದೆ ಹೋಗಿಲ್ಲ.

ಇದು ಒಂದೇ ಪುಸ್ತಕವಾ? ಕಥೆ ಹೇಳುತ್ತಿದ್ದವನು ಇದ್ದಕ್ಕಿದ್ದಂತೆ ಯಾಕೆ ಆರೋಗ್ಯ ಇಲಾಖೆಯ ಸುತ್ತೋಲೆ ಓದುತ್ತಿದ್ದಾನೆ?

ಕಡಲತಡಿ ಟೀಚರ್:
ಸುತ್ತೋಲೆ ಅಂದದ್ದು ಸರಿಯಾಗಿದೆ, ನಕ್ಕುಬಿಟ್ಟೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ಭಾನುವಾರ ದೇವಾಲಯದಲ್ಲಿ ಮಕ್ಕಳಿಗೂ ಹೇಳಿಕೊಟ್ಟವಳು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಅದು ಒಂದು ಪುಸ್ತಕವಲ್ಲ, ಒಂದು ಕಪಾಟು. ನಮ್ಮ ಪ್ರಾಟೆಸ್ಟೆಂಟ್ ಬೈಬಲ್‌ನಲ್ಲಿ 66 ಪುಸ್ತಕ. ಹಳೇ ಒಡಂಬಡಿಕೆ 39, ಹೊಸ ಒಡಂಬಡಿಕೆ 27. ಕಥೋಲಿಕರಲ್ಲಿ 73. ನೀವು ಮಾಡುತ್ತಿರುವುದು ಏನು ಅಂದರೆ, ಗ್ರಂಥಾಲಯದ ಮೊದಲ ಕಪಾಟಿನ ಎಡತುದಿಯಿಂದ ಹಿಡಿದು ಎಲ್ಲವನ್ನೂ ಕಾದಂಬರಿ ಅಂತ ಓದುವುದು. ಕಾದಂಬರಿ ಪಕ್ಕ ಕಾನೂನು ಪುಸ್ತಕ, ಅದರ ಪಕ್ಕ ವಂಶಾವಳಿ, ಆಮೇಲೆ ಹಾಡು, ಗಾದೆ, ಕಾಗದ, ಕನಸು ಎಲ್ಲ ಇವೆ.

ನಿಮಗೆ ಅದು ಗೊತ್ತಾಗದೆ ಇರುವುದಕ್ಕೆ ಒಂದು ಕಾರಣ ಆ ಸಣ್ಣ ನಂಬರುಗಳು. ಮೂಲದಲ್ಲಿ ಅಧ್ಯಾಯ, ವಚನ ಅಂತ ನಂಬರು ಇರಲಿಲ್ಲ. ಅಧ್ಯಾಯದ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಗೆ ಈಗಿರುವ ವಚನದ ನಂಬರು ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಅನ್ನುವ ಮುದ್ರಕ. ಹುಡುಕಲು ಸಲೀಸು, ಒಪ್ಪಿದೆ. ಆದರೆ ಪ್ರೇಮಗೀತೆಗೂ ನಂಬರು, ಜನಗಣತಿಗೂ ನಂಬರು. ಎಲ್ಲವೂ ಒಂದೇ ಮುಖ ಹೊತ್ತುಕೊಂಡು ನಿಲ್ಲುತ್ತವೆ.

ಕನ್ನಡದಲ್ಲಿ ಮಾತ್ರ ನಮಗೊಂದು ಅನುಕೂಲ ಇದೆ. ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರ ಹೊತ್ತಿಗೆ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ಕೆಲಸದಿಂದ. ಈಗ ನಮ್ಮ ಕೈಯಲ್ಲಿರುವ ಹೆಸರುಗಳನ್ನು ನೋಡಿ. ಆದಿಕಾಂಡ, ಅರಣ್ಯಕಾಂಡ, ಕೀರ್ತನೆಗಳು, ಜ್ಞಾನೋಕ್ತಿಗಳು, ಪ್ರಲಾಪಗಳು, ಪರಮಗೀತ. ಹೆಸರಲ್ಲೇ ಅರ್ಧ ಉತ್ತರ ಸಿಗುತ್ತದೆ. ಪ್ರಲಾಪ ಅಂದಮೇಲೆ ಅಳುವುದಕ್ಕೆ ಸಿದ್ಧವಾಗಿಯೇ ತೆಗೆಯುತ್ತೀರಿ, ಅಲ್ವಾ?

ಯಾಜಕಕಾಂಡ ಕಾನೂನು. ಕಾನೂನನ್ನು ಕಥೆ ಅಂತ ಓದಿದರೆ ನಿದ್ದೆ ಬರದೆ ಇನ್ನೇನು ಬರುತ್ತದೆ! ಹೀಗೆ ಮಾಡಿ: 19ನೇ ಅಧ್ಯಾಯಕ್ಕೆ ಹಾರಿ. ಬೆಳೆ ಕೊಯ್ಯುವಾಗ ಹೊಲದ ಮೂಲೆ ಬೋಳಿಸಬೇಡಿ, ಬಿದ್ದ ತೆನೆ ಎತ್ತಿಕೊಳ್ಳಬೇಡಿ, ಅದು ಬಡವರಿಗೆ, ಪರದೇಶದವರಿಗೆ ಅಂತ ಅಲ್ಲಿದೆ. ಅದನ್ನು ಓದಿ ನೇರ ರೂತಳು ಪುಸ್ತಕಕ್ಕೆ ಹೋಗಿ. ನಾಲ್ಕೇ ಅಧ್ಯಾಯ. ಗಂಡನನ್ನು ಕಳೆದುಕೊಂಡ ಪರದೇಶದ ಹುಡುಗಿ ಬೋವಜ ಅನ್ನುವವನ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಅಲ್ಲಿ ಒಣ ಕಾನೂನು, ಇಲ್ಲಿ ಅದನ್ನೇ ನಂಬಿ ಹೊಟ್ಟೆ ಹೊರೆಯುವ ಹೆಂಗಸು.

ಲಿಪಿಗಾರ:
ಟೀಚರ್ ಹೇಳಿದ್ದಕ್ಕೆ ಸಣ್ಣ ಸೇರ್ಪಡೆ. ಕಾನೂನಿನಲ್ಲೂ ಎರಡು ದನಿ ಇವೆ. "ಕೊಲ್ಲಬೇಡ, ಕದಿಯಬೇಡ" ಅನ್ನುವುದು ಒಂದು. "ಹೀಗಾದರೆ ಹೀಗೆ" ಅನ್ನುವುದು ಇನ್ನೊಂದು. ವಿಮೋಚನಕಾಂಡ 21 ನೋಡಿ, ಹಾಯುವ ಎತ್ತಿನ ವಿಷಯ ಬರುತ್ತದೆ. ಎತ್ತು ಹಾಯ್ದು ಮನುಷ್ಯ ಸತ್ತರೆ ಎತ್ತನ್ನು ಕೊಲ್ಲಬೇಕು, ಯಜಮಾನನ ತಪ್ಪಿಲ್ಲ. ಆದರೆ ಎತ್ತಿಗೆ ಮೊದಲಿಂದಲೂ ಹಾಯುವ ಚಾಳಿ ಇದ್ದು, ಊರವರು ಎಚ್ಚರಿಸಿದ್ದರೂ ಕಟ್ಟಿಹಾಕಿಲ್ಲ ಅಂದರೆ ಯಜಮಾನನೇ ಹೊಣೆ. ಹಾಯುವ ಎತ್ತಿನ ಇಂಥದೇ ಕಟ್ಟಳೆ ಬಾಬಿಲೋನಿನ ಅರಸ ಹಮ್ಮುರಾಬಿಯ ಕಾನೂನಿನಲ್ಲೂ ಇದೆ. ದಂಡ ಬೇರೆ, ಮಾತಿನ ಅಚ್ಚು ಅದೇ. ಆ ಕಾಲದ ಪಂಚಾಯಿತಿ ಕಟ್ಟೆಯ ಭಾಷೆ ಅದು.

ನೇರ ಮಾತು:
ನಾನು ಚರ್ಚಿನ ಸಭೆಯವನು, ಸ್ವಲ್ಪ ಖಾರವಾಗಿ ಹೇಳಿದರೆ ಕ್ಷಮಿಸಿ. ಸತ್ಯವೇದವನ್ನು ಹೀಗೆ ತರಕಾರಿ ಥರ ಹೆಚ್ಚಿ ಕಾವ್ಯ, ಕಥೆ, ಗಾದೆ ಅಂತ ಬೇರೆ ಬೇರೆ ಬುಟ್ಟಿಗೆ ಹಾಕುವುದು ನನಗೆ ಹಿಡಿಸುವುದಿಲ್ಲ. ಎಲ್ಲವೂ ದೇವರ ವಾಕ್ಯವೇ. ಇವತ್ತು ಮೀನು ನುಂಗಿದ ಪ್ರವಾದಿ ಯೋನನದು ಕಥೆ ಅಂತೀರಿ. ನಾಳೆ ಯೇಸುಸ್ವಾಮಿ ಸತ್ತು ಎದ್ದುಬಂದ ಪುನರುತ್ಥಾನವೂ ಕಥೆ ಅಂತೀರಿ. ಎಲ್ಲಿಗೆ ನಿಲ್ಲಿಸುತ್ತೀರಿ?

ಗಾದೆ ಗೌಡ:
ನೇರ ಮಾತು ಅಣ್ಣಾ, ದೇವರ ವಾಕ್ಯ ಅಂತ ನೀವು ನಂಬಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಜ್ಞಾನೋಕ್ತಿ 26ರಲ್ಲಿ 4 ಮತ್ತು 5ನೇ ವಚನ ಒಟ್ಟಿಗೆ ಓದಿ. ಮೊದಲನೆಯದು, ಮೂಢನಿಗೆ ಅವನ ಮೂಢತನಕ್ಕೆ ತಕ್ಕ ಉತ್ತರ ಕೊಡಬೇಡ ಅನ್ನುತ್ತದೆ. ಅದರ ಬೆನ್ನಿಗೇ ಇನ್ನೊಂದು, ಕೊಡು ಅನ್ನುತ್ತದೆ. ಒಂದರ ಕೆಳಗೆ ಒಂದು! ಬರೆದವನಿಗೆ ಕಣ್ಣಿರಲಿಲ್ಲವಾ?

ಇತ್ತು. ಅದು ಗಾದೆ. ನಮ್ಮಲ್ಲಿ "ತಾಳಿದವನು ಬಾಳಿಯಾನು" ಅಂತಲೂ ಇದೆ, "ನಾಳೆ ಎಂದವನ ಮನೆ ಹಾಳು" ಅಂತಲೂ ಇದೆ. ನಮ್ಮಜ್ಜಿ ಎರಡನ್ನೂ ಒಂದೇ ದಿನ ಹೇಳುತ್ತಿದ್ದರು, ಬೆಳಿಗ್ಗೆ ಅಪ್ಪನಿಗೆ ಒಂದು, ಸಂಜೆ ನನಗೆ ಇನ್ನೊಂದು. ಯಾವಾಗ ಯಾವುದು ಅನ್ನುವುದನ್ನು ಕೇಳುವವನೇ ತೂಗಿ ನೋಡಬೇಕು. ಆ ಎರಡು ವಚನ ಪಕ್ಕಪಕ್ಕ ಇಟ್ಟವರಿಗೆ ಅದು ಚೆನ್ನಾಗಿ ಗೊತ್ತಿತ್ತು ಅಂತ ನನಗನಿಸುತ್ತದೆ. ಇದನ್ನು ಕಾನೂನು ಅಂತ ಓದಿದರೆ ಎರಡರಲ್ಲಿ ಒಂದನ್ನು ಮುರಿಯಲೇಬೇಕು.

ನೆಲ್ಲಿಕಾಯಿ:
ಗಾದೆಯ ಮಾತು ಬಂತು ಅಂತ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಸುಮ್ನೆ ಓದಿಕೊಂಡಿರುತ್ತಿದ್ದೆ.

ಜ್ಞಾನೋಕ್ತಿ 22:6 ಇದೆಯಲ್ಲ, ಮಗುವನ್ನು ನಡೆಯಬೇಕಾದ ದಾರಿಯಲ್ಲಿ ಬೆಳೆಸು, ಮುದುಕನಾದರೂ ಅದನ್ನು ಬಿಡುವುದಿಲ್ಲ ಅಂತ. ನಮ್ಮ ದೊಡ್ಡಮ್ಮನ ಮಗ ಕುಡಿತಕ್ಕೆ ಬಿದ್ದ. ದೊಡ್ಡಮ್ಮ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥನೆ ಮಾಡುವವರು. ಮಗನನ್ನು ಕೈಹಿಡಿದು ಭಾನುವಾರದ ಶಾಲೆಗೆ ಕರೆದುಕೊಂಡು ಹೋದವರು. ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ಎಲ್ಲರ ಮುಂದೆ ಈ ವಚನ ಓದಿದರು. "ವಾಕ್ಯ ಸುಳ್ಳಾಗುವುದಿಲ್ಲ, ಹಾಗಾದರೆ ಬೆಳೆಸಿದ್ದರಲ್ಲೇ ಎಲ್ಲೋ ತಪ್ಪಾಗಿದೆ" ಅಂದರು. ದೊಡ್ಡಮ್ಮ ಆಮೇಲೆ ಎರಡು ವರ್ಷ ಆ ಕೂಟಕ್ಕೆ ಕಾಲಿಡಲಿಲ್ಲ. ಮಗ ಚಿಕ್ಕವನಿದ್ದಾಗ ಒಮ್ಮೆ ಹೊಡೆದದ್ದು, ಒಮ್ಮೆ ಬೈದದ್ದು, ಎಲ್ಲ ಲೆಕ್ಕ ಹಾಕಿಕೊಂಡು ಕೂರುತ್ತಿದ್ದರು.

ಅದು ಗಾದೆ, ಸಾಮಾನ್ಯವಾಗಿ ಹೀಗಾಗುತ್ತದೆ ಅನ್ನುವ ಅನುಭವದ ಮಾತು, ಕರಾರುಪತ್ರವಲ್ಲ ಅಂತ ಯಾರಾದರೂ ಅವತ್ತು ಹೇಳಿದ್ದರೆ ಅಂತ ಈಗಲೂ ಅನಿಸುತ್ತದೆ. ಯಾವ ಬಗೆಯ ಬರಹ ಅನ್ನುವುದು ಬರೀ ಓದುಬರಹದವರ ಚರ್ಚೆ ಅಂತ ನಾನು ಒಪ್ಪುವುದಿಲ್ಲ.

ಕಡಲತಡಿ ಟೀಚರ್:
ನೆಲ್ಲಿಕಾಯಿ, ದೊಡ್ಡಮ್ಮನಿಗೆ ಯೋಬನ ಪುಸ್ತಕ ಓದಿಸಿ, ಒಳ್ಳೆಯವನಿಗೆ ಕಷ್ಟ ಬಂದದ್ದರ ಪುಸ್ತಕ ಅದು. ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ತುಂಡು ಗದ್ಯ, ನಡುವೆ ಹೆಚ್ಚುಕಡಿಮೆ ಪೂರ್ತಿ ಪದ್ಯ. ಆ ಪದ್ಯದಲ್ಲಿ ಮೂರು ಜನ ಗೆಳೆಯರು ಬಂದು ಇದೇ ಮಾತು ಹೇಳುತ್ತಾರೆ. ನಿನಗೆ ಕಷ್ಟ ಬಂದಿದೆ, ಹಾಗಾದರೆ ನೀನು ಎಲ್ಲೋ ತಪ್ಪು ಮಾಡಿದ್ದೀಯ ಅಂತ. ಒಂದೊಂದು ಸಾಲು ತೆಗೆದು ನೋಡಿದರೆ ಗೋಡೆಗೆ ತೂಗುಹಾಕುವಷ್ಟು ಚೆನ್ನಾಗಿ ಮಾತಾಡುತ್ತಾರೆ! ಕೊನೆಗೆ ದೇವರು, ನೀವು ನನ್ನ ವಿಷಯ ಸರಿಯಾಗಿ ಆಡಲಿಲ್ಲ ಅಂತ ಅವರ ಮೇಲೆ ಸಿಟ್ಟಾಗುತ್ತಾನೆ. ಅಂದರೆ ಬೈಬಲ್‌ನಲ್ಲಿ ಇರುವ ಮಾತೆಲ್ಲ ಬೈಬಲ್ ಒಪ್ಪುವ ಮಾತಲ್ಲ. ಯಾರ ಬಾಯಲ್ಲಿ ಬಂತು ಅಂತ ನೋಡಬೇಕು.

ನೇರ ಮಾತು ಅವರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮ್ಮ ತಂದೆಯವರೂ ಹಾಗೇ ಹೇಳುತ್ತಿದ್ದರು. ಆದರೆ ಯೇಸು ಒಳ್ಳೇ ಸಮಾರ್ಯದವನ ಸಾಮ್ಯ (ದಾರಿಯಲ್ಲಿ ಪೆಟ್ಟುತಿಂದು ಬಿದ್ದವನನ್ನು ಛತ್ರಕ್ಕೆ ಸೇರಿಸಿದವನ ನೀತಿಕಥೆ) ಹೇಳಿದಾಗ, ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಆ ಛತ್ರ ಎಲ್ಲಿದೆ, ಛತ್ರದವನ ಹೆಸರೇನು ಅಂತ ನೀವು ಹುಡುಕುವುದಿಲ್ಲ. ಅದು ಸಾಮ್ಯ ಅಂತ ಗೊತ್ತು. ಸತ್ಯ ಕಡಿಮೆಯಾಯಿತು ಅಂತಲೂ ಅನಿಸುವುದಿಲ್ಲ. ಪುನರುತ್ಥಾನದ ವಿಷಯಕ್ಕೆ ಬಂದರೆ, 1 ಕೊರಿಂಥ 15ರಲ್ಲಿ, ಅಂದರೆ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ, ಅಪೊಸ್ತಲ ಪೌಲ ಸಾಕ್ಷಿಗಳ ಪಟ್ಟಿ ಕೊಡುತ್ತಾನೆ. ಐನೂರಕ್ಕಿಂತ ಹೆಚ್ಚು ಜನ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಸಾಮ್ಯ ಹೇಳುವವನು ಹಾಗೆ ಮಾತಾಡುವುದಿಲ್ಲ, ಸಾಕ್ಷಿಕಟ್ಟೆಯಲ್ಲಿ ನಿಂತವನು ಮಾತಾಡುತ್ತಾನೆ. ಯೇಸುವಿನ ಚರಿತ್ರೆ ಬರೆದ ಲೂಕನೂ ಅಷ್ಟೇ. ಥೆಯೊಫಿಲನಿಗೆ ಬರೆಯುತ್ತಾ ಮೊದಲ ನಾಲ್ಕು ವಚನದಲ್ಲೇ, ಕಣ್ಣಾರೆ ಕಂಡವರಿಂದ ಬಂದದ್ದನ್ನು ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅನ್ನುತ್ತಾನೆ. ಬಗೆ ಗುರುತಿಸುವುದರಿಂದ ನಿಮ್ಮ ನಂಬಿಕೆಗೆ ಬಲವೇ ಬರುತ್ತದೆ.

ನೇರ ಮಾತು:
ಸಾಕ್ಷಿಕಟ್ಟೆಯ ಮಾತು ಒಪ್ಪಿದೆ ಟೀಚರ್. ಯೋನನನ್ನು ಮಾತ್ರ ಬಿಟ್ಟುಕೊಡುವುದಿಲ್ಲ. 2 ಅರಸುಗಳು 14:25ರಲ್ಲಿ ಅಮಿತ್ತೈಯ ಮಗ ಯೋನ ಅಂತ ಹೆಸರು ಹಿಡಿದು ಹೇಳಿದೆ. ಯೇಸುಸ್ವಾಮಿಯೂ ಅವನನ್ನು ನೆನೆದಿದ್ದಾರೆ.

ಲಿಪಿಗಾರ:
ಬಿಟ್ಟುಕೊಡಬೇಡಿ ಸರ್. ಆದರೆ ಮೀನಿನ ಹೊಟ್ಟೆಯಲ್ಲೇ ಎಲ್ಲರೂ ನಿಂತುಬಿಡುತ್ತೇವೆ. ಆ ಪುಸ್ತಕದ ತಮಾಷೆ ಕೇಳುವವರೇ ಇಲ್ಲ. ಪ್ರವಾದಿಗಳ ಪುಸ್ತಕ ಅಂದರೆ ಪುಟಗಟ್ಟಲೆ ಪ್ರವಾದನೆ ಇರುತ್ತದೆ. ಯೋನನದು ಮೂಲದ ಹೀಬ್ರೂ ಭಾಷೆಯಲ್ಲಿ ಐದೇ ಪದ, ನಲವತ್ತು ದಿನದಲ್ಲಿ ನಿನೆವೆ ಹಾಳಾಗುತ್ತದೆ ಅಂತ. ಅಷ್ಟಕ್ಕೇ ಇಡೀ ಊರು ಪಶ್ಚಾತ್ತಾಪಪಡುತ್ತದೆ. ದನಕರುಗಳಿಗೂ ಗೋಣಿತಟ್ಟು ಹೊದಿಸುತ್ತಾರೆ! ಪ್ರವಾದಿ ಮಾತ್ರ, ಯಾಕೆ ಇವರನ್ನು ಕ್ಷಮಿಸಿದೆ ಅಂತ ಮುಖ ಊದಿಸಿಕೊಂಡು ಬಿಸಿಲಲ್ಲಿ ಕೂರುತ್ತಾನೆ. ಪುಸ್ತಕ ಮುಗಿಯುವುದು ದೇವರ ಪ್ರಶ್ನೆಯಿಂದ. ಎಡಬಲ ತಿಳಿಯದ 1,20,000ಕ್ಕಿಂತ ಹೆಚ್ಚು ಜನ, ಬಹಳ ದನಕರುಗಳು ಇರುವ ಊರಿಗೆ ನಾನು ಮರುಗಬಾರದಾ ಅಂತ. ಯೋನನ ಉತ್ತರ ಇಲ್ಲ. ನಡೆದದ್ದು ಅಂತ ಓದಿ, ಕಟ್ಟಿದ್ದು ಅಂತ ಓದಿ, ಆ ಪ್ರಶ್ನೆ ನಿಮ್ಮ ಕಡೆಗೇ ತಿರುಗುತ್ತದೆ.

ಓದಿನ ಹುಳ:
ಎಲ್ಲರಿಗೂ ಧನ್ಯವಾದ. ರೂತಳು ಮುಗಿಸಿದೆ, ಯೋನ ಮುಗಿಸಿದೆ. ಯೋನ ಓದಿ ಬಸ್ಸಲ್ಲಿ ಒಬ್ಬನೇ ನಕ್ಕೆ. ಈಗ ಕೀರ್ತನೆಗಳು. ಕೀರ್ತನೆ ಅಂದ ಕೂಡಲೇ ನನ್ನ ತಲೆಯಲ್ಲಿ ತಂಬೂರಿ ಶುರುವಾಗುತ್ತದೆ, ದಾಸರ ಪದದ ಥರ ಇರಬಹುದು ಅಂದುಕೊಂಡೆ. ಆದರೆ ಅರ್ಧಕ್ಕರ್ಧ ಗೋಳು, ಜಗಳ. 13ನೆಯದು ನೋಡಿ, ಇನ್ನೂ ಎಷ್ಟು ಕಾಲ, ಇನ್ನೂ ಎಷ್ಟು ಕಾಲ ಅಂತ ನಾಲ್ಕು ಸಲ. ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಇದು ಸ್ತೋತ್ರವಾ?

ಕಡಲತಡಿ ಟೀಚರ್:
ದಾಸರಲ್ಲಿ ನಿಂದಾಸ್ತುತಿ ಇಲ್ಲವೇ? ಮನೆಯವರ ಹತ್ತಿರ ತಾನೇ ಜಗಳವಾಡುವುದು. 150 ಕೀರ್ತನೆಗಳಲ್ಲಿ ಹೊಗಳಿಕೆ ಇದೆ, ಕೃತಜ್ಞತೆ ಇದೆ, ಅರಸನ ಹಾಡಿದೆ, ಯೆರೂಸಲೇಮಿಗೆ ಯಾತ್ರೆ ಹೊರಟವರ ಹಾಡುಗಳಿವೆ (120ರಿಂದ 134). ಆದರೆ ಮೊರೆಯೇ ಜಾಸ್ತಿ. ಮೊರೆಯ ಹಾಡು ಸಾಮಾನ್ಯವಾಗಿ ಕೊನೆಗೆ ಒಂದು ಭರವಸೆಗೆ ತಿರುಗುತ್ತದೆ, 13 ಕೂಡ ಹಾಗೇ. 88 ಮಾತ್ರ ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ನಮ್ಮ ಮನೆಯವರು ತೀರಿಕೊಂಡ ವರ್ಷ ನನಗೆ ಬೇರೆ ಯಾವುದೂ ಓದಲಾಗಲಿಲ್ಲ, ಅದೊಂದನ್ನೇ ಓದುತ್ತಿದ್ದೆ.

ಕನ್ನಡ ಟೀಚರ್ ಆಗಿ ಒಂದು ಮಾತು. ನಮ್ಮ ಹಳೇ ಕಾವ್ಯದಲ್ಲಿ ಎರಡನೇ ಅಕ್ಷರದ ಪ್ರಾಸ ಇದೆಯಲ್ಲ, ಬೇರೆ ಭಾಷೆಗೆ ಹೋದರೆ ಅದು ಸತ್ತೇಹೋಗುತ್ತದೆ. ಹೀಬ್ರೂ ಕಾವ್ಯದ ಕಟ್ಟು ಮುಖ್ಯವಾಗಿ ಅರ್ಥದಲ್ಲಿದೆ. ಒಂದು ಸಾಲು ಹೇಳಿ, ಮುಂದಿನ ಸಾಲಿನಲ್ಲಿ ಅದನ್ನೇ ಸ್ವಲ್ಪ ತಿರುಗಿಸಿ ಹೇಳುವುದು. "ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ." ಕಾಲು ದಾರಿಯಾಯಿತು, ದೀಪ ಬೆಳಕಾಯಿತು. ಕನ್ನಡಕ್ಕೆ ಬಂದರೂ ಲಯ ಉಳಿಯಿತು. ಈ ಜೋಡಿ ಸಾಲಿನ ಗುಟ್ಟನ್ನು 1753ರಲ್ಲಿ ಇಂಗ್ಲೆಂಡಿನ ರಾಬರ್ಟ್ ಲೌತ್ ಪುಸ್ತಕ ಮಾಡಿ ವಿವರಿಸಿದರು. ಆ ಸಾಲು ಇರುವ 119ನೇ ಕೀರ್ತನೆಯೇ ಒಂದು ಅಕ್ಷರಮಾಲೆ. ಹೀಬ್ರೂವಿನ 22 ಅಕ್ಷರಕ್ಕೆ, ಆಯಾ ಅಕ್ಷರದಿಂದಲೇ ಶುರುವಾಗುವ ಎಂಟೆಂಟರಂತೆ 176 ವಚನ. ಆ ಚಂದ ಮಾತ್ರ ನಮಗೆ ದಕ್ಕಲಿಲ್ಲ.

ಗಾದೆ ಗೌಡ:
ಪದ್ಯ, ಗದ್ಯದ ವ್ಯತ್ಯಾಸ ನೋಡಬೇಕು ಅಂದರೆ ನ್ಯಾಯಸ್ಥಾಪಕರು ಪುಸ್ತಕದ 4 ಮತ್ತು 5ನೇ ಅಧ್ಯಾಯ. ಒಂದೇ ಘಟನೆ ಎರಡು ಸಲ. ಇಸ್ರಾಯೇಲರಿಗೆ ಸೋತ ಸೇನಾಪತಿ ಸೀಸೆರ ಓಡಿಬಂದು ಯಾಯೇಲಳ ಗುಡಾರ ಸೇರುತ್ತಾನೆ. ನೀರು ಕೇಳಿದವನಿಗೆ ಹಾಲು ಕೊಡುತ್ತಾಳೆ, ಹೊದಿಸಿ ಮಲಗಿಸುತ್ತಾಳೆ, ನಿದ್ದೆ ಹತ್ತಿದ ಮೇಲೆ ತಲೆಗೆ ಗೂಟ ಜಡಿಯುತ್ತಾಳೆ. 4ರಲ್ಲಿ ಇದು ಪೊಲೀಸ್ ವರದಿ ಥರ ಇದೆ. 5ರಲ್ಲಿ ಗೆದ್ದ ಇಸ್ರಾಯೇಲರ ಪ್ರವಾದಿನಿ ದೆಬೋರಳ ಹಾಡು. ಅಲ್ಲಿ ಅವನು ಬಿದ್ದ, ಒರಗಿದ, ಬಿದ್ದ ಅಂತ ಸಾಲು ಸಾಲಾಗಿ ಕುಸಿಯುತ್ತಾನೆ, ಡೊಳ್ಳಿನ ಪೆಟ್ಟಿನ ಹಾಗೆ. ಆಮೇಲೆ ಹಾಡು ಇದ್ದಕ್ಕಿದ್ದಂತೆ ಸೀಸೆರನ ಮನೆಗೆ ಹೋಗುತ್ತದೆ. ಅವನ ತಾಯಿ ಕಿಟಕಿಯಲ್ಲಿ ನಿಂತು, ರಥ ಯಾಕೆ ಇನ್ನೂ ಬರಲಿಲ್ಲ ಅಂತ ಕಾಯುತ್ತಿದ್ದಾಳೆ. ಜೊತೆಯ ಹೆಂಗಸರು, ಕೊಳ್ಳೆ ಹಂಚಿಕೊಳ್ಳುತ್ತಿರಬೇಕು ಅಂತ ಸಮಾಧಾನ ಹೇಳುತ್ತಾರೆ. ಗದ್ಯದಲ್ಲಿ ಈ ತಾಯಿಯೇ ಇಲ್ಲ. ಗೆದ್ದವರ ಹಾಡಿನಲ್ಲಿ ಶತ್ರುವಿನ ತಾಯಿ! ಅಣಕವಾ, ಮರುಕವಾ ಅಂತ ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ.

ಮಿಂಚುಳ:
ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಅದರಲ್ಲಿನ ಮೃಗದ ಸಂಖ್ಯೆ 666 ಬರುತ್ತದೆ. ಒಂದು ಸಲ ಬಾರ್‌ಕೋಡ್, ಒಂದು ಸಲ ಚಿಪ್.

ಲಿಪಿಗಾರ:
ಪ್ರಕಟನೆ ಮೊದಲಿಗೆ ಒಂದು ಪತ್ರ. ಎಫೆಸ, ಸ್ಮುರ್ನ ಮುಂತಾದ ಏಳು ಸಭೆಗಳಿಗೆ, ಈಗಿನ ಟರ್ಕಿಯಲ್ಲಿದ್ದ ಊರುಗಳಿಗೆ ಬರೆದದ್ದು. ಪತ್ರ ಅಂದಮೇಲೆ ಅದು ಮೊದಲು ಅವರಿಗೆ ಅರ್ಥವಾಗಬೇಕು. ಎಫೆಸದ ಬಟ್ಟೆ ವ್ಯಾಪಾರಿಗೆ ಬಾರ್‌ಕೋಡ್ ತಗೊಂಡು ಏನಾಗಬೇಕು? ಬರಹದ ಬಗೆ ದರ್ಶನದ್ದು, ಹಳೇ ಒಡಂಬಡಿಕೆಯ ದಾನಿಯೇಲನ ಪುಸ್ತಕದ 7ನೇ ಅಧ್ಯಾಯದಿಂದ ಮುಂದಿನದರ ಥರ. ಮೃಗ, ಕೊಂಬು, ಸಂಖ್ಯೆ ಎಲ್ಲ ಸಂಕೇತ. ಅಕ್ಷರಗಳೇ ಅಂಕಿಯೂ ಆಗಿದ್ದ ಕಾಲ ಅದು. ರೋಮಿನ ನೀರೋ ಚಕ್ರವರ್ತಿಯ ಹೆಸರು, ಬಿರುದನ್ನು ಹೀಬ್ರೂ ಅಕ್ಷರದಲ್ಲಿ ಬರೆದು ಕೂಡಿದರೆ 666 ಬರುತ್ತದೆ. ಕೆಲವು ಹಳೇ ಪ್ರತಿಗಳಲ್ಲಿ 616 ಅಂತ ಇದೆ. ಅದೇ ಹೆಸರನ್ನು ಲ್ಯಾಟಿನ್ ರೂಪದಂತೆ ಬರೆದರೆ ಕೊನೆಯ ಅಕ್ಷರದ 50 ಬಿಟ್ಟುಹೋಗಿ ಸರಿಯಾಗಿ 616 ಆಗುತ್ತದೆ. ನೀರೋ ಲೆಕ್ಕವೇ ಸರಿ ಅಂತ ನನ್ನ ಮತ. ನೇರ ಮಾತು ಸರ್ ಒಪ್ಪಲಿಕ್ಕಿಲ್ಲ.

ನೇರ ಮಾತು:
ಒಪ್ಪುವುದಿಲ್ಲ. ಆದರೆ ಬಾರ್‌ಕೋಡ್ ಕೂಡ ಒಪ್ಪುವುದಿಲ್ಲ 😄

ಪತ್ರದ ಮಾತು ಬಂತಲ್ಲ, ಒಂದು ಹೇಳಲೇ? ಯೆರೆಮೀಯ 29:11 ನಮ್ಮ ಮನೆಯ ಕ್ಯಾಲೆಂಡರಿನಲ್ಲಿದೆ. ನಿಮ್ಮ ಬಗ್ಗೆ ನನ್ನ ಯೋಚನೆ ಕೇಡಿನದಲ್ಲ, ಹಿತದ್ದು ಅನ್ನುವ ಮಾತು. ಮಗನ ಕೆಲಸಕ್ಕೆ ಅದನ್ನೇ ಹಿಡಿದು ಪ್ರಾರ್ಥಿಸಿದ್ದೆವು. ನಿನ್ನೆ ಈ ಚರ್ಚೆ ಓದಿ ಇಡೀ ಅಧ್ಯಾಯ ತೆಗೆದೆ. ಅದೂ ಪತ್ರವೇ! ಬಾಬಿಲೋನಿಗೆ ಸೆರೆಹೋದವರಿಗೆ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಎಪ್ಪತ್ತು ವರ್ಷ ಆದಮೇಲೆ ವಾಪಸು ಕರೆತರುತ್ತೇನೆ ಅಂತ. ಎಪ್ಪತ್ತು ವರ್ಷ ಅನ್ನುವುದು ಹಿಂದಿನ ವಚನದಲ್ಲೇ ಇದೆ, ಕ್ಯಾಲೆಂಡರಿನಲ್ಲಿಲ್ಲ. ಕೇಳಿಸಿಕೊಂಡವರಲ್ಲಿ ಎಷ್ಟೋ ಜನ ಅಲ್ಲೇ ಸತ್ತಿರಬೇಕು. ಕ್ಯಾಲೆಂಡರ್ ತೆಗೆಯುವುದಿಲ್ಲ. ಆದರೆ ಬೆಳಿಗ್ಗೆ ನೋಡಿದಾಗ ಬೇರೆ ಥರ ಕಂಡಿತು.

ಕಡಲತಡಿ ಟೀಚರ್:
ಓದಿನ ಹುಳ ಅವರೇ, ಕಾಗದದ ರುಚಿ ಹತ್ತಬೇಕಾದರೆ ಪೌಲ ಫಿಲೆಮೋನನಿಗೆ ಬರೆದದ್ದು ಓದಿ. 25 ವಚನ, ಕಾಫಿ ಆರುವ ಮೊದಲು ಮುಗಿಯುತ್ತದೆ. ಓದಿ ಬಂದು ಹೇಳಿ.

ಓದಿನ ಹುಳ:
ಓದಿದೆ. ಎರಡು ಸಲ. ಈ ಪೌಲ ಎಂಥ ಚಾಲಾಕಿ ಮನುಷ್ಯ!

ಫಿಲೆಮೋನನ ಮನೆಯ ದಾಸ ಒನೇಸಿಮ ಈಗ ಸೆರೆಯಲ್ಲಿರುವ ಪೌಲನ ಹತ್ತಿರ ಇದ್ದಾನೆ. ಅವನನ್ನು ವಾಪಸು ಕಳಿಸುತ್ತಾ, ದಾಸನಾಗಿ ಅಲ್ಲ, ಪ್ರಿಯ ತಮ್ಮನ ಹಾಗೆ ಸೇರಿಸಿಕೋ ಅಂತ ಬರೆಯುತ್ತಾನೆ. ಆಜ್ಞೆ ಮಾಡಬಹುದಿತ್ತು, ಮಾಡುವುದಿಲ್ಲ, ಕೇಳಿಕೊಳ್ಳುತ್ತೇನೆ ಅನ್ನುತ್ತಾನೆ. ಅವನಿಂದ ನಿನಗೆ ಏನಾದರೂ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನನ್ನ ಕೈಯಾರೆ ಬರೆದಿದ್ದೇನೆ, ತೀರಿಸುತ್ತೇನೆ ಅನ್ನುತ್ತಾನೆ. ಅದರ ಬೆನ್ನಿಗೇ, ನೀನೇ ನನಗೆ ಋಣಿ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ ಅಂತ ಹೇಳಿಯೇಬಿಡುತ್ತಾನೆ! ನಮ್ಮ ದೊಡ್ಡಪ್ಪ ಆಸ್ತಿ ಪಾಲಿನ ಮಾತಿಗೆ ಕೂತಾಗ ಹೀಗೇ ಮಾತಾಡುತ್ತಿದ್ದದ್ದು.

ಲಿಪಿಗಾರ:
ಒನೇಸಿಮ ಅನ್ನುವ ಹೆಸರಿನ ಅರ್ಥ ಉಪಯೋಗಕ್ಕೆ ಬರುವವನು ಅಂತ. 11ನೇ ವಚನದಲ್ಲಿ, ಮೊದಲು ನಿನಗೆ ಅವನಿಂದ ಉಪಯೋಗವಿರಲಿಲ್ಲ, ಈಗ ಇದೆ ಅನ್ನುವುದು ಆ ಹೆಸರಿನ ಮೇಲೆ ಆಡಿದ ಆಟ. ಇನ್ನೊಂದು ನೋಡಿ. ಕಾಗದ ಫಿಲೆಮೋನನಿಗೆ ಅಂತ ಇದ್ದರೂ 2ನೇ ವಚನದಲ್ಲಿ ಅವನ ಮನೆಯಲ್ಲಿ ಕೂಡುವ ಸಭೆಗೂ ಅಂತ ಸೇರಿಸಿದ್ದಾನೆ. ಅಂದರೆ ಎಲ್ಲರ ಮುಂದೆ ಓದಬೇಕು.

ನೆಲ್ಲಿಕಾಯಿ:
ಅಯ್ಯೋ, ಹಾಗಾದರೆ ಒನೇಸಿಮನೂ ಅಲ್ಲೇ ನಿಂತಿರಬಹುದು. ಆಮೇಲೆ ಏನಾಯಿತು? ಸೇರಿಸಿಕೊಂಡನಾ?

ಕಡಲತಡಿ ಟೀಚರ್:
ಕಥೆಯಾಗಿದ್ದರೆ ಹೇಳುತ್ತಿತ್ತಮ್ಮ. ಇದು ಕಾಗದ. ಒಂದೇ ಕಡೆಯ ಮಾತು. 22ನೇ ವಚನ ಮಾತ್ರ ಮರೆಯಬೇಡಿ. ನಾನು ಬರುವ ನಿರೀಕ್ಷೆ ಇದೆ, ನನಗೊಂದು ಕೋಣೆ ಸಿದ್ಧ ಮಾಡಿಡು ಅಂತ ಬರೆದಿದ್ದಾನೆ.

ಓದಿನ ಹುಳ:
ಅಂದರೆ ಬಂದು ನೋಡುತ್ತೇನೆ ಅಂತ ಅರ್ಥ! ದೊಡ್ಡಪ್ಪನೇ.

ಈಗ ಧೈರ್ಯ ಬಂದಿದೆ, ಯಾಜಕಕಾಂಡಕ್ಕೆ ವಾಪಸು ಹೋಗುತ್ತಿದ್ದೇನೆ. 14ರಲ್ಲಿ ಮನೆ ಗೋಡೆಗೆ ಹತ್ತಿದ ಬೂಷ್ಟಿಗೂ ಕಾನೂನಿದೆ. ಯಾಜಕ ಒಳಗೆ ಬಂದು ನೋಡುವ ಮೊದಲೇ ಮನೆಯ ಸಾಮಾನೆಲ್ಲ ಹೊರಗಿಡಬೇಕಂತೆ, ಇಲ್ಲದಿದ್ದರೆ ಅವೂ ಅಶುದ್ಧ ಅಂತ ಲೆಕ್ಕವಾಗಿಬಿಡುತ್ತವೆ. ಬಡವನ ಪಾತ್ರೆಪಗಡೆ ಉಳಿಯಲಿ ಅಂತ ಯಾರೋ ಯೋಚನೆ ಮಾಡಿ ಬರೆದ ಹಾಗಿದೆ. ಹೋದ ಸಲ ಈ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.